ಡಿಸ್ಕ್ ಏಳುವಷ್ಟರಲ್ಲಿ

ಅವರ ಎರಡೂ ಕಿವಿಗಳು ಹಿಂಡಿ ಎಸೆದ ನಿಂಬೆಹೋಳಿನ ಹಾಗೆ ಮುರುಟಿಕೊಂಡಿದ್ದವು. ತಲೆಗೆ ತಲೆ ಕೊಟ್ಟು ಉಜ್ಜಿ, ಒಳಗೆ ರಕ್ತ ಕಟ್ಟಿ, ಕಲ್ಲಾದ ಕಿವಿಗಳು. ಎಡಗಿವಿ ಪೂರಾ ಮುಚ್ಚಿಹೋಗಿದ್ದರಿಂದ ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಿದ್ದರು. ಮೂಗಿನ ಮೂಳೆ ಒಂದು ಕಡೆಗೆ ವಾಲಿತ್ತು. ಬಲಗೈಯ ಕಿರುಬೆರಳು ಮುರಿದು ಕೂಡಿದ ಮೇಲೆ ಉಳಿದ ಬೆರಳುಗಳ ಸಾಲಿಗೆ ಬರದೆ ಹೊರಗೇ ಚಾಚಿಕೊಂಡಿರುತ್ತಿತ್ತು. ಇಡೀ ಮೈಯಲ್ಲಿ ಗುರುತಿಲ್ಲದ ಜಾಗವೆಂದರೆ ಬೆನ್ನು. ಎಪ್ಪತ್ತು ದಾಟಿದ ಮೇಲೂ ಅದು ಹೊಸದಾಗಿ ಸಾರಿಸಿದ ಗೋಡೆಯಂತೆ ನೆಟ್ಟಗೆ, ನುಣ್ಣಗೆ ಇತ್ತು.

ಅವರು ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಗರಡಿಯ ವಸ್ತಾದರು. ಹುಡುಗನಾಗಿದ್ದಾಗ ನನಗೆ ಕುಸ್ತಿ ಕಲಿಸಿದವರು. ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದ ಮೇಲೂ ನಿಜಲಿಂಗಪ್ಪ ಬಡಾವಣೆಯ ಮನೆಯಿಂದ ಬೆಳಗಾಗುವ ಮುಂಚೆಯೇ ಸೈಕಲ್ ಏರಿ ಅವರ ಗರಡಿಗೆ ಹೋಗುತ್ತಿದ್ದೆ. ಕಣದ ಕೆಂಪು ಮಣ್ಣನ್ನು ಅಗೆದು ಸಡಿಲ ಮಾಡುವುದು, ಎಣ್ಣೆ ಮಜ್ಜಿಗೆ ಬೆರೆಸುವುದು, ಹುಡುಗರನ್ನು ಸಾಲಾಗಿ ನಿಲ್ಲಿಸುವುದು ನನ್ನ ಪಾಲಿನ ಕೆಲಸ.

ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಮುಗಿಯಿತು. ಅದೇ ಚಿತ್. ವಸ್ತಾದರು ಒಮ್ಮೆಯೂ ಚಿತ್ ಆದವರಲ್ಲ. ಗೆದ್ದಾಗ ಅವರು ಕೈಯೆತ್ತಿ ಕುಣಿಯುತ್ತಿರಲಿಲ್ಲ. ಜನರ ಕಡೆಗೆ ಬೆನ್ನು ಮಾಡಿ ಕಣವನ್ನು ಒಂದು ಸುತ್ತು ಹಾಕುತ್ತಿದ್ದರು, ನೋಡಿಕೊಳ್ಳಲಿ ಎಂದು. ಕುಸ್ತಿ ಹಿಡಿಯುವುದನ್ನು ಬಿಟ್ಟ ಮೇಲೂ ಈ ಚಾಳಿ ಹೋಗಲಿಲ್ಲ. ದಿನವೂ ಗರಡಿ ಮುಗಿಸಿ ಹೊರಡುವಾಗ ಬಾಗಿಲಲ್ಲಿ ನಿಂತು ಹುಡುಗರಿಗೆ ಒಂದು ಗಳಿಗೆ ಬೆನ್ನು ತೋರಿಸಿ, ಆಮೇಲೆ ಅಂಗಿ ತೊಡುತ್ತಿದ್ದರು. ಅವರ ಮನೆಯವರು ಬದುಕಿದ್ದಾಗ ನನ್ನ ಹತ್ತಿರ ನಗಾಡುತ್ತಿದ್ದರು: "ನಿದ್ದೆಯಾಗೂ ಅಂಗಾತ ಮಲಗಲ್ಲ ನೋಡಪ್ಪ. ಚಾಪೆ ಗೆದ್ದುಬಿಟ್ರೆ ಅಂತ ಹೆದರಿಕೆ."

ಹೊಡೆತದ ವಿಷಯದಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಗರಡಿಗೆ ಸೇರಿದ ವಾರವೇ ತಡವಾಗಿ ಹೋದೆನೆಂದು ನನ್ನಿಂದ ವಾಂತಿಯಾಗುವ ತನಕ ದಂಡ ಹೊಡೆಸಿ, ವಾಂತಿ ಮಾಡಿದ್ದಕ್ಕೆ ಕಪಾಳಕ್ಕೆ ಬಿಟ್ಟು, ಮಣ್ಣನ್ನು ನನ್ನಿಂದಲೇ ಬಳಿಸಿದ್ದರು. ಮರುದಿನದಿಂದ ಇಂದಿನವರೆಗೆ ನಾನು ಎಲ್ಲಿಗೂ ತಡವಾಗಿ ಹೋಗಿಲ್ಲ. ಹಲ್ಲು ಮುರಿದದ್ದು, ಹುಬ್ಬು ಒಡೆದದ್ದು, ಕೀಲು ತಪ್ಪಿದ್ದು ಗರಡಿಯಲ್ಲಿ ದಿನದ ಮಾತು. ತಪ್ಪಿದ ಕೀಲನ್ನು ಅವರೇ ಕೂರಿಸುತ್ತಿದ್ದರು. ಹುಡುಗ ಕೂಗಿದರೆ ಬಾಯಿಗೆ ಲಂಗೋಟಿಯ ತುದಿ ತುರುಕುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಅವರು ತೀರ ಬಿಗಿ. "ಗರಡಿ ಹೊರಗೆ ಮೊದ್ಲನೇ ಏಟು ನಿಂದು ಅಂತ ಗೊತ್ತಾದ್ರೆ ಈ ಹೊಸ್ತಿಲು ತುಳೀಬ್ಯಾಡ" ಎನ್ನುತ್ತಿದ್ದರು. ಹಾಗೆ ಹೊರಹಾಕಿದವರಲ್ಲಿ ಒಬ್ಬನನ್ನೂ ತಿರುಗಿ ಸೇರಿಸಿಕೊಳ್ಳಲಿಲ್ಲ.

ಅವರ ಕೈಯಲ್ಲಿ ತಯಾರಾದ ಎಲ್ಲರಿಗಿಂತ ಬಲವಾದ ಶಿಷ್ಯನೊಬ್ಬನಿದ್ದ. ಎತ್ತಿ ಒಗೆಯುವ ಪಟ್ಟಿನಲ್ಲಿ ಅವನ ಸಮ ಈ ಕಡೆ ಯಾರೂ ಇರಲಿಲ್ಲ. ಹರಿಹರದಲ್ಲಿ ಹೊಳೆಯ ದಂಡೆಗೆ ಕಣ ಮಾಡಿದ್ದ ಒಂದು ಕುಸ್ತಿಯಲ್ಲಿ ಅವನು ಅದೇ ಊರಿನ ಪೈಲ್ವಾನನೊಬ್ಬನನ್ನು ಚಿತ್ ಮಾಡಿದ. ಪಂಚರು ಸೀಟಿ ಊದಿದರು. ಕೆಳಗಿದ್ದವನು ಸೋಲೊಪ್ಪಿ ಅಂಗೈಯಿಂದ ಮಣ್ಣು ತಟ್ಟಿದ. ಇವನು ಬಿಡಲಿಲ್ಲ. ಭುಜದ ಮೇಲೆ ಮೊಣಕಾಲೂರಿ ತೋಳನ್ನು ಹಿಂದಕ್ಕೆ ತಿರುವಿದ. ಬಾರಿಸುತ್ತಿದ್ದ ಹಲಗೆಯ ಸದ್ದನ್ನೂ ಮೀರಿ ಒಣ ಕಟ್ಟಿಗೆ ಮುರಿದಂತೆ ಲಟಕ್ ಎಂದಿತು. ವಸ್ತಾದರು ಕಣಕ್ಕೆ ಹಾರಿ ತಮ್ಮ ಶಿಷ್ಯನ ಬಾಯಿಗೆ ಗುದ್ದಿದರು. ಎರಡು ಹಲ್ಲು ಮಣ್ಣಿಗೆ ಬಿದ್ದವು. ಲಂಗೋಟಿ ಹಿಡಿದು ಅವನನ್ನು ಹೊಳೆಯ ನೀರಿನವರೆಗೆ ಎಳೆದುಕೊಂಡು ಹೋಗಿ ಒಗೆದು ಬಂದರು. ಅಂದಿಗೆ ಅವನಿಗೂ ಗರಡಿಗೂ ತೀರಿತು. ತೋಳು ಮುರಿದವನು ಮತ್ತೆ ಕಣಕ್ಕಿಳಿಯಲಿಲ್ಲ. ವಸ್ತಾದರು ಬಹಳ ವರ್ಷ, ಪ್ರತಿ ಅಮಾವಾಸ್ಯೆ ಕಳೆದ ಮರುದಿನ ರೈಲಿನಲ್ಲಿ ಹರಿಹರಕ್ಕೆ ಹೋಗಿ ಆ ತೋಳಿಗೆ ಎಣ್ಣೆ ಹಚ್ಚಿ ನೀವಿ ಬರುತ್ತಿದ್ದರು.

ಆ ಕುಸ್ತಿಯನ್ನು ಮದುವೆ ವಿಡಿಯೊ ತೆಗೆಯುವವನೊಬ್ಬ ಚಿತ್ರಿಸಿದ್ದ. ವಸ್ತಾದರ ಹತ್ತಿರ ಇಂಥ ಕುಸ್ತಿಗಳ ಕ್ಯಾಸೆಟ್ಟುಗಳು ಒಂದು ಟ್ರಂಕಿನ ತುಂಬ ಇದ್ದವು. ಬೂಸಲು ಹಿಡಿಯತೊಡಗಿದಾಗ ಹರಿಹರದ ರಿಪೇರಿ ಅಂಗಡಿಯವನ ಕೈಲಿ ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಹಾಕಿಸಿದರು. ಅವನೇ ಎರಡು ಡಿಸ್ಕ್ ಕೂರುವ ಒಂದು ಸ್ಟೋರೇಜ್ ಪೆಟ್ಟಿಗೆಯನ್ನೂ ಹೊಂದಿಸಿಕೊಟ್ಟ. ಒಂದು ಡಿಸ್ಕಿನಲ್ಲಿ ಹಳೆಯ ಕುಸ್ತಿಗಳು. ಇನ್ನೊಂದರಲ್ಲಿ ಕಣದ ಮೇಲೆ ಹಾಕಿಸಿದ ಕ್ಯಾಮೆರಾ ದಿನವೂ ಹಿಡಿಯುವ ಸಾಮು. ಗರಡಿಗೆ ಅಂಟಿಕೊಂಡಿದ್ದ ಅವರ ಮನೆಯ ಕೋಣೆಯಲ್ಲಿ, ಮೊದಲು ಗದೆ ಇಡುತ್ತಿದ್ದ ಗೂಡಿನಲ್ಲಿ ಆ ಪೆಟ್ಟಿಗೆ ಕೂತಿತು. ಬೇಸಿಗೆಯಲ್ಲಿ ದಾವಣಗೆರೆಯ ಬಿಸಿಲಿಗೆ ಅದು ಕಾದು ಕೆಂಡವಾಗುತ್ತಿತ್ತು. ವಸ್ತಾದರು ದಣಿದ ಪೈಲ್ವಾನನ ಬೆನ್ನು ಮುಟ್ಟಿ ನೋಡುವಂತೆ ಅದರ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು.

ಪೆಟ್ಟಿಗೆಯ ಸೆಟ್ಟಿಂಗ್ ಪುಟವನ್ನು ಫೋನಿನಲ್ಲೇ ತೆರೆಯಬಹುದಿತ್ತು. ಎಷ್ಟು ಹೊತ್ತು ಕೆಲಸವಿಲ್ಲದಿದ್ದರೆ ಡಿಸ್ಕ್ ತಿರುಗುವುದನ್ನು ನಿಲ್ಲಿಸಿ ಮಲಗಬೇಕು ಎಂದು ಕೇಳುವ ಸಾಲೊಂದು ಅದರಲ್ಲಿತ್ತು. ವಸ್ತಾದರು ಎಲ್ಲಕ್ಕಿಂತ ಕಡಿಮೆ ಹೊತ್ತನ್ನು ಆರಿಸಿದರು. ಕೆಲಸವಿಲ್ಲದೆ ತಿರುಗುವವರನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಆದರೆ ಗರಡಿಯಲ್ಲಿ ಬೆಕ್ಕು ಓಡಿದರೂ ಗುಬ್ಬಿ ಕೂತರೂ ಕ್ಯಾಮೆರಾ ಎಚ್ಚರವಾಗಿ ಡಿಸ್ಕನ್ನು ಎಬ್ಬಿಸುತ್ತಿತ್ತು. ದಿನವಿಡೀ ಗೂಡಿನಿಂದ ಗುರ್ ಎಂದು ಏಳುವ, ಟಕ್ ಎಂದು ಮಲಗುವ ಸದ್ದು. ಸುಮ್ಮನೆ ತಿರುಗುವುದಕ್ಕಿಂತ ಹೀಗೆ ಎದ್ದು ಮಲಗುವುದರಲ್ಲೇ ಡಿಸ್ಕ್ ಹೆಚ್ಚು ಸವೆಯುತ್ತದೆ ಎಂದು ರಿಪೇರಿ ಅಂಗಡಿಯವನು ಹೇಳಿದ ದಿನ ವಸ್ತಾದರು ಹಣೆ ಬಡಿದುಕೊಂಡರು. ಸಾಮು ಮಾಡದ ತಣ್ಣನೆಯ ಮೈಯಲ್ಲಿ ಕುಸ್ತಿಗೆ ಎಬ್ಬಿಸಬಾರದೆಂದು ಜೀವಮಾನವಿಡೀ ಹೇಳಿದವರು ಅವರು. ಅವತ್ತೇ ಹೊತ್ತನ್ನು ಹೆಚ್ಚಿಸಿದರು. ಬೆಳಗಿನ ಸಾಮು ಮುಗಿದು ಗರಡಿ ಪೂರ್ತಿ ಖಾಲಿಯಾಗಿ ಬಹಳ ಹೊತ್ತಾದ ಮೇಲಷ್ಟೇ ಕ್ಯಾಮೆರಾದ ಡಿಸ್ಕ್ ಮಲಗುವಂತಾಯಿತು.

ನನಗೆ ಅದೂ ಸರಿಬರಲಿಲ್ಲ. ಹಳೆಯ ಕುಸ್ತಿಗಳ ಡಿಸ್ಕ್ ತಿಂಗಳುಗಟ್ಟಲೆ ಬೇಕಾದರೂ ಮಲಗಲಿ, ಕ್ಯಾಮೆರಾದ್ದು ಯಾವತ್ತೂ ಮಲಗಬಾರದು ಎಂದು ನನ್ನ ವಾದ. ಶಾಲೆಯಲ್ಲಿ ಕಾವಲುಗಾರ ತೂಕಡಿಸಿದರೆ ನಾನು ಬಿಡುತ್ತಿದ್ದೆನೇ? ಎಬ್ಬಿಸಿದ ಮೇಲೂ ಡಿಸ್ಕಿಗೆ ಪೂರ್ತಿ ವೇಗ ಬರಲು ಒಂದು ಉಸಿರು ಬಿಗಿಹಿಡಿದು ಬಿಡುವಷ್ಟು ಹೊತ್ತು ಬೇಕಿತ್ತು. ಅಷ್ಟರಲ್ಲಿ ಕ್ಯಾಮೆರಾ ಕಂಡದ್ದು ಎಲ್ಲಿಯೂ ಉಳಿಯುತ್ತಿರಲಿಲ್ಲ. ಇದನ್ನು ಹೇಳಿದರೆ ವಸ್ತಾದರು ನಗುತ್ತಿದ್ದರು.

"ಲೇ ಮೇಷ್ಟ್ರೆ, ಮಲಗಿದ ಕಾವಲುಗಾರ ಏಳ್ತಾನೆ. ಮಲಗದೇ ಇರಾನು ಸತ್ತೇಹೋಗ್ತಾನೆ. ಖಾಲಿ ಗರಡಿಯಾಗ ಏನು ಕಳುವಾಗುತ್ತೆ, ಮಣ್ಣ?"

ಹೊರಹಾಕಿಸಿಕೊಂಡ ಶಿಷ್ಯ ಇಷ್ಟರಲ್ಲಿ ಹರಿಹರದಲ್ಲಿ ದೊಡ್ಡ ಮನುಷ್ಯನಾಗಿದ್ದ. ಅಲ್ಲಿನ ಕುಸ್ತಿ ಸಂಘಕ್ಕೆ ಅಧ್ಯಕ್ಷನಾಗಬೇಕೆಂದು ಓಡಾಡುತ್ತಿದ್ದ. ಆ ತೋಳು ಸೀಟಿ ಊದುವ ಮೊದಲೇ, ಆಟದ ನಡುವೆ ತಾನಾಗಿ ಮುರಿಯಿತು ಎಂದು ಸುದ್ದಿ ಹಬ್ಬಿಸಿದ್ದ. ಹಾಗಲ್ಲ ಎಂಬುದಕ್ಕೆ ಉಳಿದಿದ್ದ ಒಂದೇ ಪುರಾವೆ ವಸ್ತಾದರ ಗೂಡಿನಲ್ಲಿತ್ತು. ಅದನ್ನು ಅಳಿಸಬೇಕೆಂದು ಫೋನಿನಲ್ಲಿ ಎರಡು ಸಲ ಹೇಳಿಸಿದ. ಮೂರನೆಯ ಸಲ ತಾನೇ ಬಂದ.

ಮಧ್ಯಾಹ್ನದ ಊಟಕ್ಕೆ ಮುಂಚಿನ ಹೊತ್ತು. ಹುಡುಗರೆಲ್ಲ ಯಾವಾಗಲೋ ಹೋಗಿದ್ದರು. ನಾನು ಹಿತ್ತಲಿನ ತೊಟ್ಟಿಯಲ್ಲಿ ಗುದ್ದಲಿ ತೊಳೆಯುತ್ತಿದ್ದೆ. ಮುಂದಿನ ಬಾಗಿಲ ಪಡಸಾಲೆಯಲ್ಲಿ ಮಾತು ಕೇಳಿಸಿತು. ಕ್ಯಾಮೆರಾ ಕಣವನ್ನಷ್ಟೇ ನೋಡುತ್ತಿದ್ದರಿಂದ ಪಡಸಾಲೆ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಡಿಸ್ಕ್ ಮಲಗಿಯೇ ಇತ್ತು. ಅವನು ಮೊದಲು ಗುರುಗಳೇ ಎಂದು ಗೋಗರೆದ, ಆಮೇಲೆ ದನಿ ಏರಿಸಿದ. ವಸ್ತಾದರ ದನಿ ಏರಲಿಲ್ಲ.

"ಅದನ್ನ ಅಳ್ಸಿದ್ರೆ ಆ ಹುಡುಗನ ತೋಳು ಸುಮ್‌ಸುಮ್ನೆ ಮುರೀತು ಅಂತಾಗುತ್ತೆ. ಗೆದ್ದೋನೂ ಇರ್ಲಿ, ಬಿದ್ದೋನೂ ಇರ್ಲಿ. ಇದ್ದದ್ದು ಇದ್ದಂಗೆ ಇರುತ್ತೆ. ನಡಿ."

ಆಮೇಲೆ ಕಣದಲ್ಲಿ ಧಪ್ಪೆಂದು ಸದ್ದಾಯಿತು. ಮೂಟೆ ಬಿದ್ದಂತೆ. ಹಿಂದೆಯೇ ಒದೆಯ ಸದ್ದು, ಒಂದಲ್ಲ, ನಾಲ್ಕಾರು. ನಾನು ತೊಳೆಯಲು ಕಳಚಿದ್ದ ಗುದ್ದಲಿಯ ಮರದ ಕಾವು ಹಿಡಿದುಕೊಂಡೇ ಓಡಿದೆ. ತೊಟ್ಟಿಯ ಗೋಡೆ ದಾಟಿ ಬರುವಷ್ಟರಲ್ಲಿ ವಸ್ತಾದರು ಎದ್ದು ನಿಂತಿದ್ದರು. ಬಾಯಿಂದ ರಕ್ತ ಸೋರುತ್ತಿತ್ತು. ಅವನು ಅವರಿಗೆ ಬೆನ್ನು ಹಾಕಿ, ಪೆಟ್ಟಿಗೆಯನ್ನೇ ಒಡೆದುಹಾಕುತ್ತೇನೆಂದು ಕೂಗುತ್ತ ಗೂಡಿನ ಕೋಣೆಯ ಕಡೆ ನಡೆದಿದ್ದ. ವಸ್ತಾದರು ಹಿಂದಿನಿಂದ ಅವನ ಮಣಿಕಟ್ಟು ಹಿಡಿದರು. ಎಪ್ಪತ್ತು ದಾಟಿದ ಮುದುಕ ಕೈ ಹಿಡಿದನೆಂದು ಅವನು ನಕ್ಕಿರಬೇಕು. ಅವರು ತಮ್ಮ ಭುಜವನ್ನು ಅವನ ಮೊಣಕೈ ಕೆಳಗೆ ಕೊಟ್ಟು, ಇಡೀ ಮೈಭಾರ ಬಿಟ್ಟು ಕೂತರು. ಹರಿಹರದಲ್ಲಿ ಕೇಳಿದ್ದ ಅದೇ ಲಟಕ್. ಅವನು ಕಿರುಚಿಕೊಂಡು ಇನ್ನೊಂದು ಕೈಯಿಂದ ಅವರ ಕುತ್ತಿಗೆ ಹಿಸುಕಿದ. ಇಬ್ಬರೂ ಮಣ್ಣಿನಲ್ಲಿ ಉರುಳಾಡಿದರು. ನಾನು ಅವನ ಹೆಗಲಿಗೆ ಕಾವಿನಿಂದ ಬಾರಿಸಿದೆ. ಕೈ ಬಿಡುವ ತನಕ ಬಾರಿಸಿದೆ.

ಅವನು ಆಸ್ಪತ್ರೆಯಿಂದಲೇ ದೂರು ಕೊಟ್ಟ. ಗುರುಗಳ ಆಶೀರ್ವಾದಕ್ಕೆ ಹೋಗಿದ್ದೆ, ಹಳೆಯ ದ್ವೇಷಕ್ಕೆ ಇಬ್ಬರೂ ಸೇರಿ ಹಿಂದಿನಿಂದ ಎರಗಿದರು ಎಂದು. ವಸ್ತಾದರು ಒಂದನೇ ಆರೋಪಿ, ನಾನು ಎರಡನೆಯವನು.

ರೆಕಾರ್ಡಿಂಗ್ ಇದೆಯಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ. ಹಾಕಿ ನೋಡಿದೆ. ಕಣದಲ್ಲಿ ಮೊದಲ ಅಲುಗಾಟವೆಂದರೆ ಅವನು ಅವರನ್ನು ಒಗೆದದ್ದೇ. ಡಿಸ್ಕ್ ಎದ್ದು ಬರೆಯಲು ಶುರು ಮಾಡುವಷ್ಟರಲ್ಲಿ ಒಗೆತವೂ ಮುಗಿದಿತ್ತು, ಒದೆತವೂ ಮುಗಿದಿತ್ತು. ಚಿತ್ರದಲ್ಲಿ ಕಾಣುವುದು ಇಷ್ಟೇ: ಬಿಳಿ ಅಂಗಿಯ ಒಬ್ಬ ಅತಿಥಿ ತನ್ನಷ್ಟಕ್ಕೆ ಆ ಕಡೆ ನಡೆದು ಹೋಗುತ್ತಿದ್ದಾನೆ. ಮುದುಕನೊಬ್ಬ ಹಿಂದಿನಿಂದ ಹಿಡಿದು ಅವನ ಕೈ ಮುರಿಯುತ್ತಾನೆ. ಇನ್ನೊಬ್ಬ ಮುದುಕ ಕಟ್ಟಿಗೆ ತಂದು ಬಡಿಯುತ್ತಾನೆ. ಕ್ಯಾಮೆರಾಕ್ಕೆ ಕಿವಿಯೂ ಇರಲಿಲ್ಲ.

ಅದನ್ನೇ ಮತ್ತೆ ಮತ್ತೆ ನೋಡಿದೆ. ಆಗ ಕಂಡಿತು. ಚಿತ್ರ ಶುರುವಾಗುವ ಗಳಿಗೆಯಲ್ಲಿ ವಸ್ತಾದರು ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತಿದ್ದಾರೆ. ಬನಿಯನ್ನಿನ ತೋಳು, ಪಕ್ಕೆ, ಪಂಚೆಯ ಅಂಚು ಎಲ್ಲ ಬೆಳ್ಳಗಿವೆ. ಬೆನ್ನು ಮಾತ್ರ ಭುಜದಿಂದ ಸೊಂಟದ ತನಕ ಕೆಂಪು. ಅಂಗಾತ ಬೀಳದೆ ಹಾಗೆ ಮಣ್ಣು ಹತ್ತುವುದಿಲ್ಲ. ಅವರು ಬಿದ್ದದ್ದನ್ನು ನಾನೂ ಕಣ್ಣಾರೆ ಕಂಡಿರಲಿಲ್ಲ, ಕಿವಿಗೆ ಬಿದ್ದದ್ದನ್ನು ಹೇಳಿದರೆ ಎರಡನೇ ಆರೋಪಿಯ ಮಾತನ್ನು ಯಾರೂ ನಂಬುವಂತಿರಲಿಲ್ಲ. ಮೊದಲ ಏಟು ಅವನದೆಂದು ಹೇಳಲು ಜಗತ್ತಿನಲ್ಲಿ ಇದ್ದದ್ದು ಆ ಕೆಂಪು ಮಾತ್ರ.

ಅವರನ್ನು ಕೂರಿಸಿ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಗೋಡಿಗೆ ಒರಗಿದ್ದೆ" ಎಂದರು.

ಗರಡಿಯ ಗೋಡೆಗಳಿಗೆ ಸುಣ್ಣ ಬಳಿದಿತ್ತು. ಅವರು ಎದ್ದು ಒಳಗೆ ಹೋದರು.

ಡಿಸ್ಕನ್ನೇ ಕಿತ್ತು ತುಂಗಭದ್ರೆಗೆ ಒಗೆದುಬಿಡೋಣ ಎಂದು ಶಿಷ್ಯರು ಗುಂಪು ಕಟ್ಟಿಕೊಂಡು ಬಂದರು. ಇನ್ನು ಕೆಲವರು ಹರಿಹರಕ್ಕೆ ಹೋಗಿ ಅವನ ಇನ್ನೊಂದು ತೋಳನ್ನೂ ಮುರಿದು ಬರಲು ತಯಾರಾಗಿದ್ದರು. ವಸ್ತಾದರು ಅವರನ್ನು ಗರಡಿಯ ಬಾಗಿಲಲ್ಲೇ ತಡೆದು, ಎಲ್ಲರಿಗಿಂತ ಮುಂದೆ ನಿಂತಿದ್ದವನಿಗೆ ಒಂದು ಕೊಟ್ಟು ವಾಪಸು ಕಳಿಸಿದರು. ರೆಕಾರ್ಡಿಂಗಿನ ಪ್ರತಿಯನ್ನು ತಾವೇ ಠಾಣೆಗೆ ಒಯ್ದು ಕೊಟ್ಟರು. ಆದರೆ ಬೆನ್ನಿನ ಮಾತು ಮಾತ್ರ ಆಡಲಿಲ್ಲ. ಜೈಲಿಗೆ ಹೋಗಲು ಅವರು ತಯಾರಿದ್ದರು, ಚಿತ್ ಆದೆನೆಂದು ಹೇಳಲು ತಯಾರಿರಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಅದು ಅವರ ಬೆನ್ನು.

ಕೆಲವು ದಿನದ ಮೇಲೆ ಇನ್‌ಸ್ಪೆಕ್ಟರ್ ಮೂವರನ್ನೂ ಠಾಣೆಗೆ ಕರೆಸಿದರು. ಅವನು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಎದುರಿನ ಕುರ್ಚಿಯಲ್ಲಿ ಕೂತಿದ್ದ. ಗುರುಗಳ ಮೈ ಮುಟ್ಟುವ ಮನುಷ್ಯ ತಾನಲ್ಲ ಎಂದು ಇನ್ನೊಮ್ಮೆ ಹೇಳಿದ. ನಾವು ಬೆಂಚಿನ ಮೇಲಿದ್ದೆವು. ಇನ್‌ಸ್ಪೆಕ್ಟರ್ ವಸ್ತಾದರನ್ನು ಕೇಳಿದರು, ಕೈ ಮುರಿದದ್ದು ತಾವೇ ಎಂದಷ್ಟೇ ಅವರು ಹೇಳಿದರು. ನನ್ನ ಕಡೆ ತಿರುಗಿದರು.

"ಮೇಷ್ಟ್ರೆ, ನೀವು ಸರ್ಕಾರಿ ಪಿಂಚಣಿದಾರರು. ಶಿಕ್ಷೆ ಆದ್ರೆ ಪಿಂಚಣಿಗೂ ಕುತ್ತು ಬರ್ತದೆ, ಗೊತ್ತಲ್ಲ? ಮನೇಲಿ ಯಾರ್ಯಾರಿದಾರೆ?"

ಹೆಂಡತಿ ಇದ್ದಾಳೆ, ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು ಎಂದೆ. ಕೇಳಿದ್ದಕ್ಕೆ ಹೇಳಿದೆ ಅಷ್ಟೇ.

ವಸ್ತಾದರು ಎದ್ದು ನಿಂತರು. ಅಂಗಿ ಬಿಚ್ಚಿದರು. ಇನ್‌ಸ್ಪೆಕ್ಟರರಿಗೆ ಬೆನ್ನು ತಿರುಗಿಸಿದರು. ದಿನವೂ ಗರಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದ ಹಾಗೆಯೇ ನಿಂತರು. ಬೆನ್ನಿನ ಮೇಲೆ ಅಂಗೈಯಗಲದ ನೀಲಿ ಕಲೆಗಳಿದ್ದವು. ಅಷ್ಟು ದಿನ ಗರಡಿಯಲ್ಲೂ ಅಂಗಿ ಬಿಚ್ಚದೆ, ಅವನ್ನು ನನಗೂ ತೋರಿಸಿರಲಿಲ್ಲ.

"ಈ ಬೆನ್ನಿಗೆ ಮಣ್ಣು ಹತ್ತೈತ್ರಿ" ಎಂದರು. "ನಾನು ಒಳಗೆ ತಿರುಗಿದೆ. ಹಿಂದಿಂದ ಸೊಂಟಕ್ಕೆ ಕೈ ಹಾಕಿ ಎತ್ತಿ ಕಣಕ್ಕೆ ಒಗೆದ. ನಾನು ಚಿತ್ ಆದೆ. ಈ ಮೇಷ್ಟ್ರು ಆಮ್ಯಾಲೆ ಬಂದದ್ದು."

ಇದಕ್ಕೆ ಸಾಕ್ಷಿ ಏನೆಂದು ಇನ್‌ಸ್ಪೆಕ್ಟರ್ ಕೇಳಿದರು. ವಸ್ತಾದರು ಶಿಷ್ಯನ ಕಡೆ ತಿರುಗಿದರು.

"ಭಾರಿ ಪಟ್ಟು ಹಾಕಿದೆ ಕಣಲೇ. ಇಷ್ಟು ವರ್ಷದಾಗ ಯಾರ ಕೈಲೂ ಆಗಿರ್ಲಿಲ್ಲ. ಎಡಗಾಲು ಮುಂದಿಟ್ಟಿದ್ದೆಯೋ, ಬಲಗಾಲೋ?"

ಅವನ ಮುಖ ನೋಡುತ್ತಿದ್ದೆ. ಎಷ್ಟು ಕಷ್ಟಪಟ್ಟು ತುಟಿ ಬಿಗಿಹಿಡಿದಿದ್ದನೋ, ಅದು ಸಡಿಲವಾಯಿತು. ಮುರಿದ ಹಲ್ಲಿನ ಜಾಗ ಕಾಣುವಂತೆ ನಕ್ಕ.

"ಎಡಗಾಲು ವಸ್ತಾದ್ರೆ. ನೀವೇ ಕಲ್ಸಿದ್ದಲ್ಲ. ಒಂದೇ ಎಳ್ತಕ್ಕೆ ಎದಿ ಮಟ ಎತ್ತಿದ್ದೆ. ಎರಡೂ ಭುಜ ಒಟ್ಟಿಗೇ ನೆಲಕ್ಕೆ ಬಡಿದ್ವು, ಪಂಚರು ಇದ್ದಿದ್ರೆ ಅಲ್ಲೇ ಸೀಟಿ..."

ಅಲ್ಲಿಗೆ ನಿಲ್ಲಿಸಿದ. ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಬಾಗಿಲಲ್ಲಿದ್ದ ಪೇದೆ ಬೇರೆ ಕಡೆ ಮುಖ ತಿರುಗಿಸಿಕೊಂಡ. ವಸ್ತಾದರು ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳತೊಡಗಿದರು. ಕಿರುಬೆರಳು ಅಡ್ಡ ಬರುತ್ತಿದ್ದರಿಂದ ಅವರಿಗೆ ಗುಂಡಿ ಹಾಕಲು ಯಾವಾಗಲೂ ಹೊತ್ತು ಹಿಡಿಯುತ್ತಿತ್ತು.

ದೂರು ವಾಪಸಾಯಿತು. ಅವನ ಮೇಲೆ ಕೇಸು ಹಾಕಿ ಎಂದು ಇನ್‌ಸ್ಪೆಕ್ಟರ್ ಹೇಳಿದರೂ ವಸ್ತಾದರು ಬೇಡವೆಂದರು. ಆಟೊದಲ್ಲಿ ಬರುವಾಗ ಅವರನ್ನು ಕೇಳಿದೆ, ಅವನು ಒಪ್ಪಿಕೊಳ್ಳುತ್ತಾನೆಂದು ಮೊದಲೇ ಗೊತ್ತಿತ್ತೇ ಎಂದು.

"ನಾನೇ ಸಾಕಿದ ಪೈಲ್ವಾನ. ಹೊಡೆದ್ರೆ ಬಾಯಿ ಬಿಡಲ್ಲ. ಗೆದ್ದದ್ದನ್ನ ಹೇಳದೇ ಇರಾಕೆ ಅವನ ಕೈಲಿ ಆಗಲ್ಲ" ಎಂದರು. ಆಮೇಲೆ, ನನ್ನನ್ನು ನೋಡದೆ, "ಅವನ ಕುಸ್ತಿ ಅಳ್ಸಾಕೆ ಆಗಲ್ಲ ಅಂದೆ. ನನ್ನದನ್ನ ಹೆಂಗೆ ಮುಚ್ಚಿಡ್ಲಿ" ಎಂದರು.

ಮನೆಗೆ ಬಂದವರೇ ಪೆಟ್ಟಿಗೆಯ ಮುಂದೆ ಕೂತರು. ಹಳೆಯ ಕುಸ್ತಿಗಳಿಗೆಲ್ಲ ಗೆದ್ದವನ ಹೆಸರು ಮೊದಲು, ಸೋತವನದು ಆಮೇಲೆ ಬರುವಂತೆ ಹೆಸರಿಡುವುದು ಅವರ ಪದ್ಧತಿ. ಆ ದಿನದ ರೆಕಾರ್ಡಿಂಗನ್ನೂ ಅದೇ ಸಾಲಿಗೆ ಸೇರಿಸಲು ಹೇಳಿದರು. ಅವನ ಹೆಸರನ್ನು ಮೊದಲು, ತಮ್ಮ ಹೆಸರನ್ನು ಆಮೇಲೆ ಹಾಕಿಸಿದರು. ನನ್ನ ಬೆರಳು ತಡೆದದ್ದನ್ನು ಕಂಡು ಗದರಿದರು. ಆಮೇಲೆ ಸೆಟ್ಟಿಂಗ್ ಪುಟ ತೆರೆದು, ಕ್ಯಾಮೆರಾದ ಡಿಸ್ಕ್ ಇನ್ನು ಮೇಲೆ ಯಾವತ್ತೂ ಮಲಗದಂತೆ ಮಾಡಿದರು. ಹಳೆಯ ಕುಸ್ತಿಗಳದ್ದು ಮಲಗುವಂತೆಯೇ ಬಿಟ್ಟರು. "ನಿನ್ನ ಕಾವಲುಗಾರಂದೇ ಸರಿ ಮೇಷ್ಟ್ರೆ" ಎಂದರು. ನನ್ನ ಮಾತಿಗೆ ಅವರು ಸೋತದ್ದು ಅದೊಂದೇ ಸಲ.

ಅಧ್ಯಕ್ಷಗಿರಿ ಅವನಿಗೆ ಸಿಗಲಿಲ್ಲ. ಆದರೆ ದಾವಣಗೆರೆಯ ವಸ್ತಾದನನ್ನು ಚಿತ್ ಮಾಡಿದವನು ತಾನು ಎಂದು ಅವನು ಹರಿಹರದ ಚಹಾದಂಗಡಿಗಳಲ್ಲಿ ಪ್ಲಾಸ್ಟರಿನ ಕೈ ಬೀಸಿ ಹೇಳಿಕೊಂಡು ತಿರುಗಿದ. ಆ ಮಾತು ನಿಟ್ಟುವಳ್ಳಿಗೂ ಬಂತು. ವಸ್ತಾದರು ಗರಡಿಯ ಬಾಗಿಲಲ್ಲಿ ಬೆನ್ನು ತೋರಿಸಿ ನಿಲ್ಲುವುದನ್ನು ಪೂರಾ ಬಿಟ್ಟರು. ಗೆದ್ದ ಕುಸ್ತಿಗಳಲ್ಲಿ ಬಂದಿದ್ದ ಜರಿಯ ರುಮಾಲು ಗೂಟದಿಂದ ಇಳಿದು ಟ್ರಂಕು ಸೇರಿತು. ಹುಡುಗರಿಗೆ ಹೊಡೆಯುವುದು ಮಾತ್ರ ಕಡಿಮೆಯಾಗಲಿಲ್ಲ.

ಮರುವರ್ಷ ಬೇಸಿಗೆಯ ಒಂದು ಬೆಳಿಗ್ಗೆ, ಸಾಮು ಮುಗಿಸಿ ಕಟ್ಟೆಯ ಮೇಲೆ ಕೂತವರು ಕೂತ ಹಾಗೆಯೇ ಹೋದರು. ನಾನು ಮಣ್ಣು ಅಗೆಯುತ್ತಿದ್ದೆ. ಹುಡುಗನೊಬ್ಬ ತಪ್ಪು ಪಟ್ಟು ಹಾಕಿದ. ಬೈಗುಳ ಬರಲಿಲ್ಲವಲ್ಲ ಎಂದು ತಲೆಯೆತ್ತಿ ನೋಡಿದೆ.

ಪ್ರತಿ ತಿಂಗಳು ಪಿಂಚಣಿ ತೆಗೆದುಕೊಂಡು ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ, ಅದಕ್ಕೆ ಅವರು ಏನು ಕೊಟ್ಟರೆಂಬುದು ನನಗೆ ನೆನಪಿರುತ್ತದೆ.

ನಮ್ಮಲ್ಲಿ ಹೋದವರನ್ನು ಮಲಗಿಸಿ ಹೂಳುವುದಿಲ್ಲ. ಗುಣಿಯ ಒಂದು ಪಕ್ಕಕ್ಕೆ ಗೂಡು ಕೊರೆದು, ಅದರೊಳಗೆ ಪದ್ಮಾಸನ ಹಾಕಿಸಿ ಕೂರಿಸುತ್ತೇವೆ. ಅಯ್ಯನವರು ಹಣೆಗೆ ವಿಭೂತಿ ಹಚ್ಚಿದ ಮೇಲೆ ನಾನು ಟ್ರಂಕಿನಿಂದ ತಂದಿದ್ದ ಜರಿಯ ರುಮಾಲನ್ನು ಅವರ ತಲೆಗೆ ಸುತ್ತಿದೆ. ಮುರುಟಿದ ಕಿವಿಗಳ ಮೇಲೆ ಅದು ಮೊದಲಿನ ಹಾಗೆಯೇ ಬಿಗಿಯಾಗಿ ಕೂತಿತು. ಮಣ್ಣು ಹಾಕಲು ಶಿಷ್ಯರೆಲ್ಲ ಬೊಗಸೆ ತುಂಬಿಕೊಂಡು ನಿಂತಿದ್ದರು. ಒಂದು ನಿಮಿಷ ತಡೆಯಿರಿ ಎಂದು ಗುಣಿಗೆ ಇಳಿದೆ. ಅವರ ಹಿಂದೆ ಗೂಡಿನ ಗೋಡೆಗೂ ಬೆನ್ನಿಗೂ ನಡುವೆ, ಭುಜದಿಂದ ಸೊಂಟದ ತನಕ, ಗುಣಿಗೆಂದು ತಂದಿಟ್ಟಿದ್ದ ವಿಭೂತಿ ಗಟ್ಟಿಗಳನ್ನು ಸಂದಿಲ್ಲದಂತೆ ಒಂದೊಂದಾಗಿ ಜೋಡಿಸಿದೆ. ಬೆನ್ನಿಗೆ ಮಣ್ಣು ಹತ್ತುವುದಿಲ್ಲವೆಂದು ಕೈಯಾಡಿಸಿ ನೋಡಿ, ಮೇಲೆ ಬಂದು, ಹಾಕಿರಿ ಎಂದೆ.